ಶಾಲೆ ಬಿಟ್ಟ ಮೇಲಿನ ಓದು

ಪಂಚತಂತ್ರದ ಪೀಠಿಕೆಯನ್ನು ಅರಿಯದವರು ನಮ್ಮಲ್ಲಿ ವಿರಳ. ಮಹಿಳಾರೋಪ್ಯವೆಂಬ ನಗರದ ಅರಸನಾದ ಅಮರಶಕ್ತಿಗೆ ಮೂವರು ಮಕ್ಕಳು. ಮೂವರೂ ವಿದ್ಯೆಗೆ ವಿಮುಖರು. ವ್ಯಾಕರಣವೊಂದಕ್ಕೇ ಹನ್ನೆರಡು ವರ್ಷ ಬೇಕು, ಆ ಮೇಲೆ ಉಳಿದ ಶಾಸ್ತ್ರಗಳು ಎಂದು ಮಂತ್ರಿಗಳು ಲೆಕ್ಕ ಹಾಕುತ್ತಾರೆ. ವಿಷ್ಣುಶರ್ಮನಾದರೋ ವಿದ್ಯೆಯನ್ನು ಮಾರುವವನು ತಾನಲ್ಲವೆಂದು ರಾಜನ ದಾನವನ್ನು ನಿರಾಕರಿಸಿ, ಆರೇ ತಿಂಗಳ ಅವಧಿ ಕೇಳಿ, ಹುಡುಗರನ್ನು ಕರೆದುಕೊಂಡು ಹೋಗಿ ಕಥೆ ಹೇಳಲು ತೊಡಗುತ್ತಾನೆ. ಇಲ್ಲಿ ಗಮನಿಸತಕ್ಕ ಅಂಶವೊಂದುಂಟು. ಆ ರಾಜಕುಮಾರರು ಮೊದಲು ಓದಲಿಲ್ಲ, ಕೇಳಿದರು. ಆ ಗ್ರಂಥದಲ್ಲಿ ಬರುವ ಪ್ರತಿಯೊಂದು ಕಥೆಯೂ ಒಬ್ಬರು ಇನ್ನೊಬ್ಬರಿಗೆ ಹೇಳಿದುದೇ ಆಗಿದೆ. ನರಿಯು ನರಿಗೆ ಹೇಳುತ್ತದೆ, ಕಾಗೆಯು ಕಾಗೆಗೆ ಹೇಳುತ್ತದೆ. ಕೇಳುವವನು "ಅದು ಹೇಗೆ?" ಎಂದು ಪ್ರಶ್ನಿಸಿದ ಹೊರತು ಕಥೆ ಮುಂದಕ್ಕೆ ಹೋಗುವುದೇ ಇಲ್ಲ.

ಈ ಹಳೆಯ ಸಂಗತಿಯನ್ನು ಈಗ ನೆನೆಯುವುದಕ್ಕೆ ಕಾರಣವಿದೆ. ಕರ್ನಾಟಕದ ಗ್ರಾಮ ಪಂಚಾಯತಿ ಗ್ರಂಥಾಲಯಗಳು 2019ರಲ್ಲಿ ಸಾರ್ವಜನಿಕ ಗ್ರಂಥಾಲಯ ಇಲಾಖೆಯಿಂದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ವರ್ಗವಾದುವು. 2020ನೆಯ ನವೆಂಬರ್ 14ರಂದು, ಸಾಂಕ್ರಾಮಿಕದ ದೆಸೆಯಿಂದ ಹಳ್ಳಿಯ ಶಾಲೆಗಳಿಗೆ ಬೀಗ ಬಿದ್ದಿದ್ದ ಹೊತ್ತಿನಲ್ಲಿ, 'ಓದುವ ಬೆಳಕು' ಎಂಬ ಕಾರ್ಯಕ್ರಮವು ಆರಂಭವಾಯಿತು. ಆರರಿಂದ ಹದಿನೆಂಟು ವರ್ಷದವರೆಗಿನ ಮಕ್ಕಳು ಶುಲ್ಕವಿಲ್ಲದೆ ಸದಸ್ಯರಾಗಬಹುದು. ಗ್ರಂಥಾಲಯದಲ್ಲಿ ಅವರಿಗಾಗಿ ಕಥೆ ಹೇಳುವುದು, ಗಟ್ಟಿಯಾಗಿ ಓದುವುದು ಮೊದಲಾದವು ನಡೆಯಬೇಕು. ಅಂತಹ ಗ್ರಂಥಾಲಯಗಳು ನಾಡಿನಲ್ಲಿ ಐದು ಸಾವಿರಕ್ಕೂ ಮಿಕ್ಕಿವೆ. ಈ ಯತ್ನವನ್ನು ಕುರಿತು ವರದಿಗಳು ಬಂದಿವೆ, ಭಾಷಣಗಳೂ ಆಗಿವೆ. ಎಷ್ಟು ಮಕ್ಕಳು ಸೇರಿದರು, ಎಷ್ಟು ಪುಸ್ತಕಗಳು ಬಂದುವು ಎಂಬ ಎಣಿಕೆಯೂ ನಡೆದಿದೆ. ಆದರೆ ಸಾಹಿತ್ಯದ ದೃಷ್ಟಿಯಿಂದ ಕೇಳಬೇಕಾದ ಪ್ರಶ್ನೆಯನ್ನು ಕೇಳಿದವರು ಕಡಮೆ: ಸಂಜೆ ಐದು ಗಂಟೆಗೆ, ಶಾಲೆಯ ಬೆಂಚಿನಿಂದ ಎದ್ದು ಬಂದು ಚಾಪೆಯ ಮೇಲೆ ಕುಳಿತ ಮಗುವಿಗೆ ಯಾವ ಕೃತಿಯನ್ನು ಓದಬೇಕು, ಹೇಗೆ ಓದಬೇಕು?

ಗಟ್ಟಿಯೋದು ಕನ್ನಡಿಗರಿಗೆ ಹೊಸತಲ್ಲ. ಕುಮಾರವ್ಯಾಸನ ಭಾರತವೂ ಲಕ್ಷ್ಮೀಶನ ಜೈಮಿನಿಯೂ ಐದಾರು ಶತಮಾನಗಳ ಕಾಲ ನಾಡಿನಲ್ಲಿ ಉಳಿದು ಬಂದುದು ಕಣ್ಣಿನ ಬಲದಿಂದಲ್ಲ, ಕಿವಿಯ ಬಲದಿಂದ. ಒಬ್ಬನು ರಾಗವಾಗಿ ವಾಚಿಸುವನು, ಮತ್ತೊಬ್ಬನು ಅರ್ಥ ಹೇಳುವನು. ಅಕ್ಷರ ಬಾರದ ಮುದುಕಿಯೂ ಉತ್ತರಕುಮಾರನ ಪೌರುಷಕ್ಕೆ ನಕ್ಕು, ಚಂದ್ರಹಾಸನ ಕಷ್ಟಕ್ಕೆ ಕಣ್ಣೊರಸಿಕೊಳ್ಳುವಳು. ಅಂತಹ ಮನೆಯ ಹುಡುಗನಿಗೆ ಪುಸ್ತಕವೆಂಬುದು ಶಾಲೆಗೆ ಹೋಗುವ ಮುನ್ನವೇ ನಂಟನಾಗಿರುತ್ತಿತ್ತು. ಆದರೆ ಸತ್ಯವನ್ನು ಮುಚ್ಚಿಡಬಾರದು. ಆ ಜಗಲಿಯು ಎಲ್ಲರಿಗೂ ತೆರೆದಿರಲಿಲ್ಲ. ಒಳಗೆ ಕುಳಿತವರು ಕೆಲವರು, ಅಂಗಳದಲ್ಲಿ ನಿಂತು ಕೇಳಿದವರು ಕೆಲವರು, ಅಂಗಳಕ್ಕೂ ಬರಲಾರದೆ ಹೋದವರು ಹಲವರು. ಪಂಚಾಯತಿಯ ಗ್ರಂಥಾಲಯವು ಆ ಜಗಲಿಯನ್ನು ಎಲ್ಲರದನ್ನಾಗಿ ಮಾಡಬಲ್ಲುದು. ಮನೆಯಲ್ಲಿ ಪಂಚಾಂಗದ ಹೊರತು ಬೇರೆ ಪುಸ್ತಕವನ್ನೇ ಕಾಣದ ಮಗುವಿಗೆ, ಅಥವಾ ಅದನ್ನೂ ಕಾಣದ ಮಗುವಿಗೆ, ಇದೊಂದೇ ಬಾಗಿಲು. ಅದರ ಒಳಗೂ ಶಾಲೆಯದೇ ಮುಖ ಕಂಡರೆ ಆ ಮಗುವು ತಿರುಗಿ ಹೋಗುವುದು. ಅದಕ್ಕೆ ಹೋಗಲು ಬೇರೆ ಬಾಗಿಲಿಲ್ಲ. ಈ ಕಾರಣದಿಂದಲೇ ಗಟ್ಟಿಯೋದಿನ ವಿಚಾರವು ಕೇವಲ ವಿನೋದದ ವಿಚಾರವಲ್ಲ.

ಓದುವವನ ಗುಣದೋಷಗಳನ್ನು ಪ್ರಾಚೀನರು ಕೂಲಂಕಷವಾಗಿ ವಿಚಾರಿಸಿದ್ದಾರೆ. ಪಾಣಿನೀಯಶಿಕ್ಷೆಯು ಕೀಳು ಪಾಠಕರನ್ನು ಆರು ಬಗೆಯಾಗಿ ಎಣಿಸುತ್ತದೆ: ಎಲ್ಲವನ್ನೂ ಹಾಡಿನಂತೆ ಎಳೆಯುವವನು, ಅವಸರದಿಂದ ಓದಿ ಮುಗಿಸುವವನು, ಸುಮ್ಮನೆ ತಲೆಯಾಡಿಸುವವನು, ಅರ್ಥ ತಿಳಿಯದವನು, ದನಿಯೇ ಏಳದವನು, ಇವರೊಡನೆ ಬರೆದುದನ್ನು ನೋಡಿ ಓದುವವನು. ಕೊನೆಯದನ್ನು ಕೇಳಿ ಇಂದಿನವರು ನಕ್ಕಾರು. ಪುಸ್ತಕದ ಮೇಲೆ ಪ್ರೀತಿ ಹುಟ್ಟಿಸಲು ಹೊರಟವನು ಪುಸ್ತಕ ನೋಡದೆ ಓದುವುದುಂಟೆ? ವೇದಪಾಠಕ್ಕೆ ಹೇಳಿದ ಮಾತನ್ನು ಗ್ರಂಥಾಲಯಕ್ಕೆ ಹಾಗೆಯೇ ಅನ್ವಯಿಸಲಾಗದೆಂಬುದು ನಿಜ. ಆದರೂ ಅದರೊಳಗೆ ಒಂದು ತಿರುಳಿದೆ. ಮಕ್ಕಳ ಎದುರಿಗೆ ಕುಳಿತಾಗಲೇ ಆ ಪುಟವನ್ನು ಮೊದಲ ಬಾರಿಗೆ ತೆರೆದವನು ಪುಸ್ತಕವನ್ನು ನೋಡುತ್ತಾನೆಯೇ ಹೊರತು ಮಕ್ಕಳನ್ನು ನೋಡಲಾರನು. ಪುಸ್ತಕವು ಕೈಯಲ್ಲಿರಬೇಕು, ಮಕ್ಕಳಿಗೆ ಅದು ಕಾಣಿಸಬೇಕು, ಕಥೆ ಅಲ್ಲಿಂದ ಬರುತ್ತಿದೆಯೆಂದು ಅವರಿಗೆ ತಿಳಿಯಬೇಕು; ಆದರೆ ಓದುವವನಿಗೆ ಅದು ಅರ್ಧದಷ್ಟಾದರೂ ಕಂಠಗತವಾಗಿರಬೇಕು. ಅದೇ ಶಿಕ್ಷೆಯು ಉತ್ತಮ ಪಾಠಕನಿಗೆ ಮಾಧುರ್ಯ, ಅಕ್ಷರಗಳ ಸ್ಪಷ್ಟತೆ, ಪದಗಳನ್ನು ಬಿಡಿಸಿ ಹೇಳುವಿಕೆ, ಒಳ್ಳೆಯ ಸ್ವರ, ಧೈರ್ಯ, ಲಯ ಎಂಬ ಗುಣಗಳನ್ನು ಹೇಳುತ್ತದೆ. ಇವುಗಳಲ್ಲಿ ಧೈರ್ಯವನ್ನು ಸೇರಿಸಿದುದು ಎಷ್ಟು ಸಮಂಜಸವೆಂಬುದು ಮೂವತ್ತು ಚಿಕ್ಕ ಮಕ್ಕಳ ಎದುರಿಗೆ ಕುಳಿತವರಿಗೆ ವಿದಿತವೇ ಆಗಿದೆ.

ಇನ್ನು ಕೃತಿಗಳ ಮಾತು. ಕಣ್ಣಿಗೆ ಹಿತವಾದುದೆಲ್ಲ ಕಿವಿಗೆ ಹಿತವಲ್ಲ. ಕನ್ನಡದ ಶಿಶುಸಾಹಿತ್ಯವನ್ನು ಗಟ್ಟಿಯೋದಿನ ಒರೆಗಲ್ಲಿಗೆ ಹಚ್ಚಿ ನೋಡಿದರೆ ಮೊದಲು ನಿಲ್ಲುವವರು ಪಂಜೆ ಮಂಗೇಶರಾಯರು. 1874ರಲ್ಲಿ ಬಂಟವಾಳದಲ್ಲಿ ಹುಟ್ಟಿದ ಅವರು ಉಪಾಧ್ಯಾಯರಾಗಿ, ಶಾಲೆಗಳ ತನಿಖಾಧಿಕಾರಿಯಾಗಿ ಮಕ್ಕಳ ನಡುವೆಯೇ ಬಾಳಿದವರು. ಅವರ ಮನೆಮಾತು ಕೊಂಕಣಿ, ಸುತ್ತಲಿನ ಮಾತು ತುಳು, ಬರೆದುದು ಕನ್ನಡ. ಪ್ರಾಯಶಃ ಇದರಿಂದಲೇ ಅವರಿಗೆ ಕನ್ನಡವು ಅರ್ಥದಷ್ಟೇ ಶಬ್ದವಾಗಿಯೂ ಕೇಳಿಸಿತು. 'ಸಿಗಡಿ ಯಾಕೆ ಒಣಗಲಿಲ್ಲ' ಎಂಬ ಅವರ ಕಥೆಯನ್ನು ನೋಡಬಹುದು. ಸಿಗಡಿ ಒಣಗದಿದ್ದುದಕ್ಕೆ ಕಾರಣ ಹುಡುಕಲು ಹೊರಟರೆ ಒಬ್ಬನು ತಪ್ಪಿನ ಹೊರೆಯನ್ನು ಇನ್ನೊಬ್ಬನ ಮೇಲೆ, ಅವನು ಮತ್ತೊಬ್ಬನ ಮೇಲೆ ಜಾರಿಸುತ್ತ ಹೋಗುತ್ತಾನೆ. ಕಾಗದದ ಮೇಲೆ ಕಣ್ಣೋಡಿಸುವ ದೊಡ್ಡವನಿಗೆ ಇದು ಬರಿಯ ಪುನರುಕ್ತಿಯಾಗಿ ತೋರೀತು. ಕೂಡಿ ಕೇಳುವ ಮಕ್ಕಳಿಗೆ ಆ ಪುನರುಕ್ತಿಯೇ ಪ್ರಾಣ. ಮೂರನೆಯ ಸಲಕ್ಕೆ ಮುಂದಿನ ಪ್ರಶ್ನೆಯನ್ನು ಮಕ್ಕಳೇ ಕೇಳುತ್ತಾರೆ. ಅಕ್ಷರ ಕೂಡಿಸಲಾರದ ಹುಡುಗನು ಅಲ್ಲಿ ಹಿಂದುಳಿದವನಲ್ಲ; ಅವನಿಗೂ ಮುಂದೇನು ಬರುವುದೆಂದು ಗೊತ್ತು. ಆಮೇಲೆ ಆ ಪುಸ್ತಕವನ್ನು ಅವನ ಕೈಗೆ ಕೊಟ್ಟರೆ, ತಾನು ಬಲ್ಲ ಮಾತನ್ನೇ ಅವನು ಪುಟದ ಮೇಲೆ ಹುಡುಕುತ್ತಾನೆ. ಗುರುತಿಲ್ಲದ ಅಕ್ಷರಗಳು ಗುರುತಿನ ಮಾತಾಗುವುದು ಹೀಗೆ. ಈ ಒಂದು ಕಾರ್ಯವನ್ನು ಎಷ್ಟೋ ವಾಚನಮಾಲೆಗಳು ಮಾಡಲಾರದೆ ಹೋಗಿವೆ.

ಕುವೆಂಪು ಅವರ 'ಬೊಮ್ಮನಹಳ್ಳಿಯ ಕಿಂದರಿಜೋಗಿ' ಇದೇ ಒರೆಗೆ ನಿಲ್ಲುವ ಮತ್ತೊಂದು ಕೃತಿ. ಅದರ ಮೂಲವು 1842ರಲ್ಲಿ ಪ್ರಕಟವಾದ ಬ್ರೌನಿಂಗನ ಆಂಗ್ಲ ಕವನ. ಆ ಕವನವೇ ಕಾಯಿಲೆ ಮಲಗಿದ್ದ ಒಬ್ಬ ನಟನ ಮಗನನ್ನು ರಂಜಿಸಲೆಂದು ಹುಟ್ಟಿದುದು. ಜರ್ಮನಿಯ ಹ್ಯಾಮೆಲಿನ್ ಊರನ್ನು ತುಂಗಾತೀರಕ್ಕೆ ತಂದ ಚಮತ್ಕಾರವನ್ನು ವಿಮರ್ಶಕರು ಆಗಲೇ ಬಣ್ಣಿಸಿದ್ದಾರೆ. ಇಲ್ಲಿ ಹೇಳತಕ್ಕುದು ಬೇರೆ. ಇಲಿಗಳು ಸಾಲುಗಟ್ಟಿ ಹೊರಡುವಲ್ಲಿ ಕವಿಯು ಅಣ್ಣ, ತಮ್ಮ, ಅಕ್ಕ, ಮಾವ ಎಂಬ ನಂಟುಗಳನ್ನು ಇಲಿಯೊಂದಿಗೆ ಬೆಸೆಯುತ್ತಾರೆ. ವ್ಯಾಕರಣದ ಪಾಠದಲ್ಲಿ ಲೋಪಸಂಧಿಯನ್ನು ಕಲಿಸಲು ಒಂದು ವಾರ ಬೇಕಾಗುತ್ತದೆ, ಪರೀಕ್ಷೆ ಮುಗಿದ ಮರುದಿನ ಅದು ಮರೆತೂ ಹೋಗುತ್ತದೆ. ಇಲ್ಲಿಯೋ, ಸಂಧಿಯೆಂಬ ಹೆಸರನ್ನೇ ಕೇಳದ ಮಗುವು ತನ್ನ ಮನೆಯ ನಂಟರನ್ನೆಲ್ಲ ಇಲಿಗಳನ್ನಾಗಿ ಮಾಡಿ ಕೇಕೆ ಹಾಕುತ್ತದೆ. ಸ್ವರಲೋಪವು ಒಂದೆಡೆಯೂ ತಪ್ಪುವುದಿಲ್ಲ. ಅಮರಶಕ್ತಿಯ ಮಂತ್ರಿಗಳು ಇದನ್ನು ಕಂಡಿದ್ದರೆ ತಮ್ಮ ಹನ್ನೆರಡು ವರ್ಷದ ಲೆಕ್ಕವನ್ನು ತಿದ್ದಿಕೊಳ್ಳುತ್ತಿದ್ದರೇನೋ.

ಜಿ. ಪಿ. ರಾಜರತ್ನಂ ಅವರ 'ತುತ್ತೂರಿ'ಯನ್ನು ಕುರಿತು ಹೆಚ್ಚು ಹೇಳಬೇಕಾಗಿಲ್ಲ. ಕನ್ನಡದ ಮನೆಗಳಲ್ಲಿ ಅದು ಕಂಠಪಾಠವಾಗಿದೆ. ಒಂದು ಸೂಕ್ಷ್ಮವನ್ನು ಮಾತ್ರ ಎತ್ತಿ ತೋರಿಸಬಹುದು. ಹುಡುಗನು ಊದಿ ಮೆರೆದ ಬಣ್ಣದ ತುತ್ತೂರಿಯು ನೀರಿಗೆ ಜಾರುತ್ತದೆ, ನೀರು ಹೊಕ್ಕ ತುತ್ತೂರಿಯ ದನಿ ಕೆಡುತ್ತದೆ. ಜಂಬ ಸಲ್ಲದೆಂಬ ನೀತಿಯು ಇಲ್ಲಿಯೂ ಇದೆ. ಕವಿಯು ಅದನ್ನು ಬಚ್ಚಿಟ್ಟಿಲ್ಲ. ಆದರೆ ಅದು ಕೆಟ್ಟುಹೋದ ತುತ್ತೂರಿಯ ದನಿಯಲ್ಲಿಯೇ ಮೊದಲು ಕೇಳಿಸಿಬಿಡುತ್ತದೆ. ಓದುವವನು ಆ ದನಿಯನ್ನು ಸರಿಯಾಗಿ ತೆಗೆದರೆ ಮಿಕ್ಕುದಕ್ಕೆ ವ್ಯಾಖ್ಯಾನ ಬೇಡ.

ಇಲ್ಲಿಯೇ ಅನೇಕ ಸಂಜೆಯ ಕೂಟಗಳು ಎಡವುತ್ತವೆ. ಕಥೆ ಮುಗಿದೊಡನೆ, ಮಕ್ಕಳ ನಗು ಇನ್ನೂ ಅಡಗದಿರುವಾಗಲೇ, "ಇದರಿಂದ ಏನು ತಿಳಿಯಿತು?" ಎಂಬ ಪ್ರಶ್ನೆ ಬರುತ್ತದೆ. ಆ ಪ್ರಶ್ನೆಗೆ ಉತ್ತರ ಕೊಡಬಲ್ಲ ಹುಡುಗರು ಇಬ್ಬರೋ ಮೂವರೋ. ಶಾಲೆಯಲ್ಲಿಯೂ ಅವರೇ ಉತ್ತರ ಕೊಡುವವರು. ಉಳಿದವರು ತಲೆ ತಗ್ಗಿಸುತ್ತಾರೆ. ಒಂದು ಗಳಿಗೆಯ ಹಿಂದೆ ಸಮವಾಗಿ ಕುಳಿತಿದ್ದವರಲ್ಲಿ ಪುನಃ ಮುಂದಿನ ಬೆಂಚು ಹಿಂದಿನ ಬೆಂಚುಗಳಾಗುತ್ತವೆ. ಹೆಚ್ಚು ಪುಸ್ತಕ ಓದಿದವರಿಗೆ ಬಹುಮಾನವೆಂಬುದೂ ಇದೇ ಜಾತಿಗೆ ಸೇರಿದುದು. ತೆಳ್ಳನೆಯ ಪುಸ್ತಕಗಳನ್ನು ಆರಿಸಿ ಎಣಿಕೆ ಹೆಚ್ಚಿಸುವ ಜಾಣ್ಮೆಯನ್ನು ಮಕ್ಕಳು ಬೇಗನೆ ಕಲಿಯುತ್ತಾರೆ, ಅವರನ್ನು ದೂರಲಾಗದು. ವಿಷ್ಣುಶರ್ಮನು ನೀತಿಯನ್ನು ಹೇಳಲಿಲ್ಲವೇ ಎಂದು ಕೆಲವರು ಆಕ್ಷೇಪಿಸಬಹುದು. ಹೇಳಿದನು, ಧಾರಾಳವಾಗಿಯೇ ಹೇಳಿದನು. ಆದರೆ ನೀತಿಯ ಶ್ಲೋಕಗಳನ್ನು ಅವನು ನರಿಯ ಬಾಯಲ್ಲಿಯೂ ಬೆಕ್ಕಿನ ಬಾಯಲ್ಲಿಯೂ ಇಟ್ಟನು. ಅವುಗಳಲ್ಲಿ ಎಷ್ಟೋ ಪ್ರಾಣಿಗಳು ಕಪಟಿಗಳು! ಯಾರ ಮಾತನ್ನು ನಂಬಬೇಕು, ಯಾರದನ್ನು ನಂಬಬಾರದು ಎಂಬ ತೀರ್ಪನ್ನು ಕೇಳುವವನಿಗೇ ಬಿಟ್ಟನು.

ಈಚಿನ ಮಕ್ಕಳ ಪುಸ್ತಕಗಳ ವಿಚಾರದಲ್ಲಿ ಒಂದು ಮಾತು. ಬಣ್ಣದ ಚಿತ್ರಗಳುಳ್ಳ ಅಂದವಾದ ಪುಸ್ತಕಗಳು ಇಂದು ಹಳ್ಳಿಯ ಕಪಾಟನ್ನೂ ಸೇರುತ್ತಿವೆ. ಅದು ಹರ್ಷದ ವಿಷಯ. ಆದರೆ ಅವುಗಳಲ್ಲಿ ಹಲವು ಅನ್ಯಭಾಷೆಗಳಿಂದ ಬಂದವು. ಚಿತ್ರವನ್ನು ಬದಲಿಸಬೇಕಾಗಿಲ್ಲ, ಮಾತನ್ನು ಬದಲಿಸಿದರೆ ಸಾಕೆಂಬ ಅವಸರದಲ್ಲಿ ಮಾಡಿದ ಭಾಷಾಂತರವನ್ನು ಗಟ್ಟಿಯಾಗಿ ಓದಿದೊಡನೆ ಅದರ ದೋಷವು ಬಯಲಾಗುತ್ತದೆ. ಕ್ರಿಯಾಪದ ಎಲ್ಲಿ ಬೀಳಬೇಕೋ ಅಲ್ಲಿ ಬಿದ್ದಿರುವುದಿಲ್ಲ. 'ಅವನು', 'ಅದು' ಎಂಬ ಸರ್ವನಾಮಗಳು ಹೆಜ್ಜೆಹೆಜ್ಜೆಗೂ ಕಾಲಿಗೆ ತೊಡರುತ್ತವೆ. ಅಜ್ಜಿಯು ಮೊಮ್ಮಗನೊಡನೆ ಕಚೇರಿಯ ಗುಮಾಸ್ತನಂತೆ ಮಾತನಾಡುತ್ತಾಳೆ. ಉಸಿರು ನಿಲ್ಲಿಸಲು ಎಡೆಯೇ ದೊರೆಯದು. ಅಚ್ಚಿಗೆ ಕೊಡುವ ಮುನ್ನ ಅನುವಾದಕರು ತಮ್ಮ ವಾಕ್ಯಗಳನ್ನು ಒಂದು ಮಗುವಿನ ಎದುರಿಗೆ ಒಮ್ಮೆ ಓದಿದ್ದರೆ ಇವುಗಳಲ್ಲಿ ಅರ್ಧ ತಾವೇ ತಿದ್ದಿಹೋಗುತ್ತಿದ್ದುವು. ಮೊಬೈಲಿನ ಹಾವಳಿಯಿಂದ ಓದು ಕೆಟ್ಟಿತೆಂದು ಹಲುಬುವವರು ಈ ಕಡೆಗೂ ಸ್ವಲ್ಪ ದೃಷ್ಟಿ ಹರಿಸುವುದು ಒಳ್ಳೆಯದು.

ಎಲ್ಲ ಪುಸ್ತಕಗಳೂ ಗಟ್ಟಿಯೋದಿಗೇ ತಕ್ಕುದಾಗಿರಬೇಕೆಂಬ ಹಟವೂ ಸಲ್ಲದು. ಶಿವರಾಮ ಕಾರಂತರು 1936ರಲ್ಲಿ ಮೂರು ಸಂಪುಟಗಳಲ್ಲಿ ಹೊರತಂದ 'ಬಾಲಪ್ರಪಂಚ'ವು ಇಪ್ಪತ್ತು ಮಕ್ಕಳಿಗೆ ಕೂಡಿಸಿ ಓದುವಂತಹುದಲ್ಲ. ಅದು ಒಂಟಿ ಮಗುವಿನ ಪುಸ್ತಕ. ಮಳೆಗಾಲದ ಮಧ್ಯಾಹ್ನ ಮೂಲೆಯಲ್ಲಿ ಕುಳಿತು, ಒಂದನ್ನು ಹುಡುಕುತ್ತ ಮತ್ತೊಂದರಲ್ಲಿ ಸಿಕ್ಕಿಕೊಳ್ಳುವವನ ಪುಸ್ತಕ. ಕಿವಿಯಿಂದ ಹುಟ್ಟಿದ ಆಸೆಯು ಕಣ್ಣಿಗೆ ಇಳಿದ ಮೇಲೆ ಇಂತಹ ಗ್ರಂಥಗಳು ಕೈಗೆ ಎಟಕಬೇಕು. ಎಟಕಬೇಕೆಂಬ ಮಾತನ್ನು ಅಕ್ಷರಶಃ ಗ್ರಹಿಸತಕ್ಕದ್ದು. ಪುಸ್ತಕಗಳಿರುವುದು ಉಪಯೋಗಕ್ಕಾಗಿ, ಪ್ರತಿಯೊಬ್ಬ ಓದುಗನಿಗೂ ಅವನ ಪುಸ್ತಕ ದೊರೆಯಬೇಕು ಎಂದು ಎಸ್. ಆರ್. ರಂಗನಾಥನ್ ಅವರು 1931ರಲ್ಲಿಯೇ ಸೂತ್ರ ರಚಿಸಿದರು. ಗಾಜಿನ ಕಪಾಟಿಗೆ ಬೀಗ ಹಾಕಿ, ಹರಿದರೆ ಲೆಕ್ಕ ಕೊಡಬೇಕಾದೀತೆಂಬ ಭಯದಿಂದ ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳುವ ಮೇಲ್ವಿಚಾರಕನನ್ನು ಮಾತ್ರ ಬೈದು ಫಲವಿಲ್ಲ. ಮಕ್ಕಳ ಪುಸ್ತಕವು ಹರಿದುದು ಓದಿದುದರ ಗುರುತೆಂದು ಲೆಕ್ಕ ತನಿಖೆ ಮಾಡುವವರು ಒಪ್ಪುವ ತನಕ ಆ ಭಯವು ಹೋಗದು.

ಜಿಲ್ಲೆಯ ಸಾಹಿತ್ಯ ಸಂಘಗಳಿಂದ ಆಗಬಹುದಾದ ಕೆಲಸವೊಂದಿದೆ. ಅದಕ್ಕೆ ಹಣ ಹೆಚ್ಚು ಬೇಡ. ಕನ್ನಡದಲ್ಲಿ ಗಟ್ಟಿಯಾಗಿ ಓದಲು ತಕ್ಕ ಐವತ್ತು ಕಥೆ ಕವನಗಳನ್ನು ಆರಿಸಿ, ಒಂದೊಂದಕ್ಕೂ ಎಷ್ಟು ನಿಮಿಷ ಹಿಡಿಯುವುದು, ಎಲ್ಲಿ ನಿಲ್ಲಿಸಬೇಕು, ಎಲ್ಲಿ ಮಕ್ಕಳ ದನಿಗೆ ಎಡೆ ಬಿಡಬೇಕು ಎಂಬ ಗುರುತುಗಳೊಡನೆ ಪಟ್ಟಿ ಮಾಡಿ ಪ್ರತಿಯೊಂದು ಪಂಚಾಯತಿಗೂ ಕಳುಹಿಸಬಹುದು. ಸಿಗಡಿಯನ್ನು ಕಾಣದ ಬಯಲುಸೀಮೆಯ ಮಕ್ಕಳಿಗೂ, ರಾಗಿಯ ಕಣವನ್ನು ಕಾಣದ ಕರಾವಳಿಯ ಮಕ್ಕಳಿಗೂ ಒಂದೆರಡು ಸಾಲಿನ ವಿವರಣೆ ಸೇರಿಸಿದರೆ ಸಾಕು. ಪಟ್ಟಿ ಮಾಡುವವರು ಪ್ರತಿಯೊಂದು ಕೃತಿಯನ್ನೂ ಮೊದಲು ತಮ್ಮ ಬೀದಿಯ ಮಕ್ಕಳಿಗೆ ಓದಿ ನೋಡಿರಬೇಕು. ಮಕ್ಕಳು ಎರಡನೆಯ ಸಲ ಕೇಳಿದ ಕೃತಿಗಳನ್ನು ಉಳಿಸಿ, ಮಿಕ್ಕವನ್ನು, ಅವು ಎಷ್ಟೇ ದೊಡ್ಡ ಹೆಸರಿನವರು ಬರೆದವಾಗಿರಲಿ, ಬಿಟ್ಟುಬಿಡಬೇಕು.