ಮುಖಗಳ ಗೋಡೆಯ ನಡುವೆ ಕುಸ್ತಿ

೨೦೨೧ರ ಗಣರಾಜ್ಯ ದಿನದ ರಾತ್ರಿ ಸೋನಿ ವಾಹಿನಿಗಳು ಬಿತ್ತರಿಸಿದ ‘ಡಬ್ಲ್ಯು.ಡಬ್ಲ್ಯು.ಇ. ಸೂಪರ್‌ಸ್ಟಾರ್ ಸ್ಪೆಕ್ಟೆಕಲ್’ ಎಂಬ ಕುಸ್ತಿಯ ವಿಶೇಷವನ್ನು ವಿಮರ್ಶೆಗೆ ಎತ್ತಿಕೊಂಡರೆ ಕೆಲವರು ಹುಬ್ಬೇರಿಸಬಹುದು. ಗೆಲ್ಲುವವರಾರೆಂದು ಮೊದಲೇ ಗೊತ್ತುಮಾಡಿದ ಸುಳ್ಳು ಕುಸ್ತಿ ಅದು ಎಂಬುದು ಹಳೆಯ ಆಕ್ಷೇಪ. ನನಗೆ ಅದು ಆಕ್ಷೇಪವೆಂದೇ ತೋರುವುದಿಲ್ಲ. ದೊಡ್ಡಾಟದಲ್ಲಿ ಕೀಚಕ ಸಾಯುವನೆಂದು ಅರಿಯದವರಾರು? ಅರಿತೂ ಬೆಳಗಿನ ತನಕ ಕೂರುತ್ತೇವೆ. ಇದನ್ನೂ ನಾಟಕವೆಂದೇ ಅಳೆಯೋಣ.

ಭಾರತದ ಪ್ರೇಕ್ಷಕರಿಗೆಂದೇ ಸಿದ್ಧವಾದ ಈ ಆಟ ನಡೆದುದು ಅಮೆರಿಕದ ಫ್ಲಾರಿಡಾದಲ್ಲಿ, ಟ್ರಾಪಿಕಾನಾ ಫೀಲ್ಡ್ ಎಂಬ ಬೇಸ್‌ಬಾಲ್ ಕ್ರೀಡಾಂಗಣದಲ್ಲಿ, ನಾಲ್ಕು ದಿನ ಮುಂಚೆ. ಕೋವಿಡ್ ಕಾಲ, ಜನರಿಲ್ಲ. ಸುತ್ತ ಪರದೆಗಳ ಗೋಡೆ, ಅದರ ಮೇಲೆ ಮನೆಯಲ್ಲೇ ಕುಳಿತ ಅಭಿಮಾನಿಗಳ ಮುಖ, ಯಂತ್ರದಿಂದ ತುಂಬಿದ ಕೇಕೆ. ಚಿಂಚೋಳಿ ತಾಲ್ಲೂಕಿನ ಚಿಮ್ಮನಚೋಡದ ಕಡೆಯವನಾದ ನನಗೆ ರಸಭಂಗವಾದುದು ಇಲ್ಲಿಯೇ. ನಮ್ಮ ಸೀಮೆಯ ಜಾತ್ರೆಗಳಲ್ಲಿ ತೆಂಗಿನಕಾಯಿಗಾಗಿ ಸೆಣಸುವ ಹುಡುಗರಿಂದ ಆರಂಭವಾದ ಕುಸ್ತಿ ಬೆಳ್ಳಿ ಕಡಗದ ಜೋಡಿಯವರೆಗೆ ಏರುತ್ತ ಹೋಗುತ್ತದೆ. ಹಲಗೆಯ ಪೆಟ್ಟೂ ಅದರೊಡನೆ ಏರುತ್ತದೆ. ಸುತ್ತ ಕುಳಿತವರೂ ಅಲ್ಲಿ ಪಾತ್ರಧಾರಿಗಳೇ. ಹೊತ್ತು ಕಳೆಯುವ ಜೋಡಿಯನ್ನು ಕೂಗಿ ಎಬ್ಬಿಸುವವರು ಅವರು, ಸೊಗಸಾಗಿ ಸೆಣಸಿ ಚಿತ್ತಾದವನ ಕೈಗೂ ನೋಟು ಇಡುವವರು ಅವರು. ಗೋಡೆಯ ಮೇಲಿನ ಮುಖಕ್ಕೆ ಈ ಅಧಿಕಾರವೆಲ್ಲಿ?

ಇದಕ್ಕಿಂತ ದೊಡ್ಡ ದೋಷ ಕಥೆಯದು. ಐದು ಪಂದ್ಯಗಳು. ಗುರು ರಾಜ್ ಒಂಟಿಯಾಗಿ ಫಿನ್ ಬಾಲರ್‌ಗೆ ಸೋತರು, ಜೀತ್ ರಾಮಾ ಒಂಟಿಯಾಗಿ ಎ.ಜೆ. ಸ್ಟೈಲ್ಸ್‌ಗೆ ಸೋತರು. ಸರೀನಾ ಸಂಧು ಗೆದ್ದರು, ಷಾರ್ಲಟ್ ಫ್ಲೇರ್ ಜೊತೆಗಿದ್ದರು. ಶಾಂಕಿ, ಜಂಜೀರ್ ಗೆದ್ದರು, ರೇ ಮಿಸ್ಟೀರಿಯೊ ಮತ್ತು ರಿಕೋಶೆ ಜೊತೆಗಿದ್ದರು. ರಿಂಕು, ಸೌರವ್ ಗೆದ್ದರು, ಡ್ರೂ ಮಕಿಂಟೈರ್ ಜೊತೆಗಿದ್ದರು. ಆ ಕೊನೆಯ ಪಂದ್ಯದ ಖಳರೋ, ಕೆನಡಾದಲ್ಲಿ ಹುಟ್ಟಿದ ಭಾರತೀಯ ಮೂಲದ ಜಿಂದರ್ ಮಹಲ್ ಮತ್ತು ಸಂಗಡಿಗರು! ನಮ್ಮವನು ಒಂಟಿಯಾದರೆ ಸೋಲು, ಪರದೇಶದ ಕೈ ಹಿಡಿದರೆ ಗೆಲುವು: ಗಣರಾಜ್ಯ ದಿನಕ್ಕೆ ಒಳ್ಳೆಯ ಉಡುಗೊರೆ. ಬೇಕೆಂದೇ ಹೀಗೆ ಬರೆದರೆಂದು ನಾನು ಹೇಳುವುದಿಲ್ಲ. ಯೋಚಿಸದೆ ಬರೆದಾಗಲೇ ಮನಸ್ಸಿನೊಳಗಿನದು ಹೊರಬೀಳುವುದು.

ಮಾತಿನ ಸಂಗತಿಯೂ ಒಂದಿದೆ. ವಿವರಣಕಾರ ಈ ಆಟದ ಸಾರಥಿ. ಆ ರಾತ್ರಿ ಅವನು ಆಡಿದುದು ಇಂಗ್ಲಿಷ್, ಹಿಂದಿ. ೧೯೭೫ರ ಆಗಸ್ಟಿನಿಂದ ಒಂದು ವರ್ಷ ‘ಸೈಟ್’ ಪ್ರಯೋಗ ನಡೆದಾಗ ಗುಲ್ಬರ್ಗ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗಳು ಉಪಗ್ರಹದ ಮೂಲಕ ದೂರದರ್ಶನ ಕಂಡವು. ಒಂದು ಪೆಟ್ಟಿಗೆಯ ಮುಂದೆ ಊರೇ ಕೂರುತ್ತಿದ್ದ ಕಾಲ. ಬೇಸಾಯ, ಆರೋಗ್ಯದ ಆ ಪಾಠಗಳು ಎಷ್ಟು ರುಚಿಸಿದವೋ, ಮಾತಂತೂ ಕನ್ನಡವಾಗಿತ್ತು. ಅವು ತಯಾರಾಗುತ್ತಿದ್ದುದು ಹೈದರಾಬಾದಿನಲ್ಲಿ.

ಅದೇ ಹೈದರಾಬಾದಿನ ಗಚ್ಚಿಬೌಲಿಗೆ ೨೦೨೩ರ ಸೆಪ್ಟೆಂಬರ್ ೮ರಂದು ಇದೇ ಹೆಸರಿನ ಆಟ ಬಂದಿತು. ಜಾನ್ ಸೀನಾ, ಸೆತ್ ರಾಲಿನ್ಸ್ ಜೋಡಿಯಾಗಿ ಸೆಣಸಿದರು. ಕಥೆಯೇನೂ ಗಟ್ಟಿಯಾಗಿರಲಿಲ್ಲ. ಆದರೆ ಈ ಸಲ ಜನರಿದ್ದರು, ಕೇಕೆ ಅವರ ಗಂಟಲಿನದಾಗಿತ್ತು. ನಮ್ಮ ಚಿಂಚೋಳಿಗೆ ಬೆಂಗಳೂರಿಗಿಂತ ಹೈದರಾಬಾದೇ ಹತ್ತಿರ.