ಮಸಿ ಮುಟ್ಟದ ನಾಳಗಳು

ಅಥಣಿ, ಚಿಕ್ಕೋಡಿ, ಜತ್ತ ಕಡೆಯ ಮಂದಿಗೆ ಮಿರಜವೆಂದರೆ ದವಾಖಾನೆಯ ಊರು: 1894ರ ವಾನ್ಲೆಸ್ ಮಿಶನ್ ಆಸ್ಪತ್ರೆ, 1962ರಿಂದ ಸರ್ಕಾರಿ ವೈದ್ಯಕೀಯ ಕಾಲೇಜು. ಬಾತ ಕಾಲನ್ನು ಪರೀಕ್ಷಿಸುವ ವಿದ್ಯಾರ್ಥಿಗೆ, ಅಂಗಾಂಶದಲ್ಲಿ ಉಳಿದ ದ್ರವವನ್ನು ರಕ್ತಕ್ಕೆ ಮರಳಿಸುವ ದುಗ್ಧನಾಳದ ಹುಟ್ಟಿನ ಬಗ್ಗೆ ಸಿಗುವ ಪಾಠ, ಅಲ್ಲಿರಲಿ ಎಲ್ಲಿರಲಿ, ಬಹುಕಾಲ ಒಂದೇ ಸಾಲಿನದಾಗಿತ್ತು: ಭ್ರೂಣದ ಅಭಿಧಮನಿಯಿಂದ ಕುಡಿಯೊಡೆದು ಮೈತುಂಬ ಹಬ್ಬುತ್ತದೆ.

ಈ ಸಾಲಿನ ಬೇರು ಅಂಗರಚನಾಶಾಸ್ತ್ರಜ್ಞೆ ಫ್ಲಾರೆನ್ಸ್ ಸಬಿನ್ ಅವರ 1902ರ ಪ್ರಬಂಧದಲ್ಲಿದೆ. ಅದಕ್ಕೆ ಸಂದ ಗೌರವ ಅದರ ಪುರಾವೆಗಿಂತ ದೊಡ್ಡದು. ಆಕೆಯ ಕೈಚಳಕದ ಬಗ್ಗೆ ತಕರಾರಿಲ್ಲ. ಹಂದಿಯ ಭ್ರೂಣದ ತೆಳು ಚರ್ಮದಡಿಗೆ ಸೂಜಿಯಿಂದ ಮಸಿ ಬಿಟ್ಟು ನಾಳಗಳ ಜಾಲವನ್ನು ಎದ್ದು ಕಾಣುವಂತೆ ಮಾಡುವುದು ಸಾಮಾನ್ಯ ಕೆಲಸವಲ್ಲ. ಆದರೆ ಮಸಿ ಹರಿಯಲು ದಾರಿ ತೆರೆದಿರಬೇಕು. ಇನ್ನೂ ಟೊಳ್ಳಾಗದ ಕೋಶಗಳ ಗುಂಪಿಗೆ, ಯಾವುದಕ್ಕೂ ಕೂಡದ ಬಿಡಿ ಚೀಲಕ್ಕೆ ಅದು ತಲುಪುವುದೇ ಇಲ್ಲ. ಬಿಡಿಯಾಗಿ ಹುಟ್ಟಿದ ನಾಳ ಆಮೇಲೆ ಬಂದು ಕೂಡಿಕೊಂಡಿತೆನ್ನಿ. ಮಸಿಯಲ್ಲಿ ಅದೂ ಕವಲಿನಂತೆಯೇ ಕಾಣುತ್ತದೆ. ಭ್ರೂಣಗಳನ್ನು ವಯಸ್ಸಿನ ಕ್ರಮದಲ್ಲಿಟ್ಟು ನೋಡಿದರೆ ಮಸಿ ಮುಂದೆ ಮುಂದೆ ಸಾಗಿರುತ್ತದೆ. ಬೆಳೆದದ್ದು ಒಂದೇ ನಾಳವೋ, ಬೇರೆ ಬೇರೆ ಹುಟ್ಟಿದವು ಕೂಡಿಕೊಂಡವೋ, ಆ ಚಿತ್ರಗಳಿಂದ ತಿಳಿಯದು. ಸಬಿನ್ ಮೊದಲನೆಯದನ್ನೇ ಆರಿಸಿಕೊಂಡರು.

1910ರ ಹೊತ್ತಿಗೆ ಅಂಗರಚನಾಶಾಸ್ತ್ರಜ್ಞರಾದ ಹಂಟಿಂಗ್ಟನ್ ಮತ್ತು ಮೆಕ್ಲೂರ್ ಬೆಕ್ಕಿನ ಭ್ರೂಣಗಳನ್ನು ಪದರಪದರವಾಗಿ ಕೊಯ್ದು, ನಾಳಗಳು ಸುತ್ತಲಿನ ಅಂಗಾಂಶದಲ್ಲೇ ಹುಟ್ಟಿ ಬಳಿಕ ಅಭಿಧಮನಿಗೆ ಸೇರುತ್ತವೆಂದು ವಾದಿಸಿದರು. ಅವರನ್ನು ಸೋತವರ ಪಟ್ಟಿಗೆ ಸೇರಿಸಿಬಿಟ್ಟೆವು.

ನನ್ನ ಜಗಳವಿರುವುದು ಜೀನುಗಳು ಈ ವಾದವನ್ನು ಮುಗಿಸಿದವು ಎನ್ನುವವರ ಜೊತೆ. 1999ರಲ್ಲಿ ದುಗ್ಧನಾಳ ರೂಪುಗೊಳ್ಳುವಲ್ಲಿ ಪ್ರಾಕ್ಸ್-1 ಜೀನಿನ ಪಾತ್ರ ತಿಳಿಯಿತು. 2007ರಲ್ಲಿ ಇಲಿಯ ಕೋಶಗಳಿಗೆ ಗುರುತು ಹಾಕಿ ವಂಶ ಹಿಡಿದು ಹೋದಾಗ ಅದು ಅಭಿಧಮನಿಗೇ ಮುಟ್ಟಿತು. ಕತ್ತಿನ ಬಳಿಯ ಮೊದಲ ಚೀಲಗಳ ಮಟ್ಟಿಗೆ ಒಪ್ಪುತ್ತೇನೆ. ಇಡೀ ಮೈಗೆ ಅದನ್ನೇ ಹೊದಿಸಿದ್ದು ಅವಸರ. 2015ರಲ್ಲಿ ಒಂದರ ಹಿಂದೊಂದು ಅಧ್ಯಯನಗಳು ಬಂದವು: ಹೃದಯದ ದುಗ್ಧನಾಳಗಳ ಒಂದು ಪಾಲು ಅಭಿಧಮನಿಯದಲ್ಲ, ಕರುಳನ್ನು ಹಿಡಿದಿರುವ ಪೊರೆಯಲ್ಲಿ ಒಂದಷ್ಟು ನಾಳಗಳು ರಕ್ತಕಣ ಹುಟ್ಟಿಸಬಲ್ಲ ಒಳಪದರದ ಕೋಶಗಳಿಂದ ಬಂದವು, ಬೆನ್ನಿನ ಚರ್ಮದಲ್ಲಿ ಬಿಡಿ ಗುಂಪುಗಳೇ ಒಂದಕ್ಕೊಂದು ಕೂಡಿ ನಾಳವಾಗುತ್ತವೆ. ಮಸಿಗೆ ಸಿಗದಿದ್ದದ್ದು ಇಂಥವೇ.

ಇದು ಬರೀ ಇತಿಹಾಸದ ತಕರಾರಲ್ಲ. 'ಚೈ' ಎಂಬ ತಳಿಯ ಇಲಿಗಳಲ್ಲಿ ದುಗ್ಧನಾಳಗಳ ಬೆಳವಣಿಗೆಗೆ ಬೇಕಾದ ವಿಇಜಿಎಫ್‌ಆರ್-3 ಜೀನು ಕೆಟ್ಟಿದೆ. ಮನುಷ್ಯರಲ್ಲಿ ಹುಟ್ಟಿನಿಂದಲೇ ಕಾಲು ಬಾಯುವ ಮಿಲ್ರಾಯ್ ಕಾಯಿಲೆಯಲ್ಲಿ ಕೆಡುವುದೂ ಅದೇ. ಈ ಇಲಿಗಳ ಚರ್ಮದಲ್ಲಿ ದುಗ್ಧನಾಳಗಳು ಸರಿಯಾಗಿ ಬೆಳೆಯುವುದಿಲ್ಲ, ಒಳಾಂಗಗಳಲ್ಲಿ ಉಳಿದುಕೊಳ್ಳುತ್ತವೆ. ಅಂಗದಿಂದ ಅಂಗಕ್ಕೆ ಈ ವ್ಯತ್ಯಾಸ ಏಕೆ ಎಂದು ಕೇಳುವುದಕ್ಕೆ ಆ ಒಂದು ಸಾಲಿನ ಪಾಠದಲ್ಲಿ ಜಾಗವೇ ಇಲ್ಲ.