ಕೂಗು ಮರೆತ ಕುಕ್ಕರ್

ಮೈಸೂರಿನ ಉದಯಗಿರಿಯ ಗಲ್ಲಿಗಳಲ್ಲಿ ಸ್ಟವ್-ಕುಕ್ಕರ್ ರಿಪೇರಿ ಮಾಡುವವರ ಮುಂದೆ ನಿಂತರೆ ಮೊದಲು ಬರುವ ಪ್ರಶ್ನೆ: ‘ಯಾವ ಕಂಪನಿ, ಎಷ್ಟು ಲೀಟರ್?’ ಉತ್ತರ ಗೊತ್ತಿಲ್ಲದಿದ್ದರೆ ಮುಚ್ಚಳವನ್ನೇ ಚೀಲದಲ್ಲಿ ಹಾಕಿಕೊಂಡು ಹೋಗಿ. ಹಳೇ ಗ್ಯಾಸ್ಕೆಟ್ ಅಳತೆಗೆ ಬರುವುದಿಲ್ಲ. ಬಿಸಿಗೂ ಎಣ್ಣೆಗೂ ಸಿಕ್ಕಿ ಅದು ಆಗಲೇ ಹಿಗ್ಗಿರುತ್ತದೆ.

ಮೈಸೂರು ಸಮುದ್ರಮಟ್ಟದಿಂದ ಸುಮಾರು 770 ಮೀಟರ್ ಎತ್ತರದಲ್ಲಿದೆ. ತೆರೆದ ಪಾತ್ರೆಯ ನೀರು ಇಲ್ಲಿ 97-98 ಡಿಗ್ರಿಗೇ ಕುದಿಯುತ್ತದೆ, ಕುಕ್ಕರಿನೊಳಗೆ ಸುಮಾರು 120ಕ್ಕೆ ಏರುತ್ತದೆ. ಹುರುಳಿಕಾಳನ್ನಾಗಲಿ ರಂಜಾನಿನ ಹಲೀಮಿಗೆ ಹಾಕಿದ ಮಾಂಸವನ್ನಾಗಲಿ ಬೇಗ ಮೆತ್ತಗಾಗಿಸುವುದು ಈ ಇಪ್ಪತ್ತು ಚಿಲ್ಲರೆ ಡಿಗ್ರಿ. ಅಂಚಿನಲ್ಲಿ ಹಬೆ ಸೋರಿದರೆ ಅದೇ ಹೋಯಿತು, ಗ್ಯಾಸೂ ಸುಮ್ಮನೆ ಉರಿಯಿತು. ಹೊಸ ಕುಕ್ಕರಿನ ಬೆಲೆಯ ಮುಂದೆ ಗ್ಯಾಸ್ಕೆಟ್ಟಿನ ದುಡ್ಡು ಲೆಕ್ಕಕ್ಕೇ ಇಲ್ಲ. ಸಡಿಲವಾದದ್ದನ್ನು ಫ್ರೀಜರಿನಲ್ಲಿಟ್ಟು ಒಂದು ಹೊತ್ತು ತಳ್ಳುವುದು ಸರಿ. ಅಂಚಿಗೆ ಚಪಾತಿ ಹಿಟ್ಟು ಮೆತ್ತುವುದು ಬೇಡವೇ ಬೇಡ. ಹೊರಮುಚ್ಚಳದ ಎಷ್ಟೋ ಕುಕ್ಕರುಗಳಲ್ಲಿ ಅಂಚಿಗೊಂದು ಕಿಂಡಿ ಇರುತ್ತದೆ. ಒತ್ತಡ ಮಿತಿಮೀರಿದಾಗ ಗ್ಯಾಸ್ಕೆಟ್ ಅಲ್ಲಿಂದ ಹೊರಗೆ ಉಬ್ಬಿ ಹಬೆಗೆ ದಾರಿ ಬಿಡಬೇಕು.

ಗ್ಯಾಸ್ಕೆಟ್ ಹೊಸದಾದರೂ ಸೋರುತ್ತಿದ್ದರೆ ಮುಚ್ಚಳದ ಅಂಚಿಗೆ ಬೆರಳಾಡಿಸಿ. ಕೈಜಾರಿ ಬಿದ್ದ ಅಲ್ಯೂಮಿನಿಯಂ ಮುಚ್ಚಳ ಕಣ್ಣಿಗೆ ಕಾಣದಷ್ಟು ಸೊಟ್ಟಗಾಗಿರುತ್ತದೆ. ಪಳಗಿದ ಕೈಯವರು ಅದನ್ನು ಸಪಾಟಾದ ಜಾಗದಲ್ಲಿಟ್ಟು, ಕೊಡತಿಯಿಂದ ಸಣ್ಣಗೆ ತಟ್ಟುತ್ತಾರೆ, ತಿರುಗಿಸುತ್ತಾರೆ, ಬೆಳಕಿಗೆ ಹಿಡಿದು ನೋಡುತ್ತಾರೆ, ಮತ್ತೆ ತಟ್ಟುತ್ತಾರೆ. ಈ ಕೆಲಸಕ್ಕೆ ಅವರು ಕೇಳಿದಷ್ಟು ಕೊಡಬೇಕು, ಚೌಕಾಸಿ ಸಲ್ಲದು.

ಹಿಡಿಯ ಸ್ಕ್ರೂ ಯಾವ ಕಂಪನಿಯದಾದರೂ ನಡೆದೀತು. ವೆಯ್ಟ್ ಹಾಗಲ್ಲ. ಒಳಗಿನ ಒತ್ತಡ ನಿರ್ಧಾರವಾಗುವುದೇ ಅದರ ಭಾರ ಮತ್ತು ಅದು ಕೂರುವ ಕೊಳವೆಯ ರಂಧ್ರದ ಲೆಕ್ಕದಲ್ಲಿ. ಪಕ್ಕದ ಮನೆಯ ಕುಕ್ಕರಿನದು ಸರಿಯಾಗಿ ಕೂತಿತೆಂದು ಹಾಕಿಕೊಳ್ಳುವಂತಿಲ್ಲ.

ಸೇಫ್ಟಿ ವಾಲ್ವಿನ ವಿಷಯದಲ್ಲಂತೂ ಉಳಿತಾಯದ ಮಾತೇ ಬೇಡ. ಅನ್ನದ ಗಂಜಿ ಕೊಳವೆಗೆ ಕಟ್ಟಿಕೊಂಡಾಗ, ಇಲ್ಲವೇ ನೀರು ಬತ್ತಿದಾಗ, ಅದರೊಳಗಿನ ಮೆತ್ತನೆ ಲೋಹ ಕರಗಿ ಹಬೆ ಹೊರಬೀಳುತ್ತದೆ. ಕರಗಿದ್ದನ್ನು ಬೆಸುಗೆ ಹಾಕಿಸುವುದು, ಆ ತೂತಿಗೆ ಬೋಲ್ಟ್ ಬಿಗಿಯುವುದು ಅಡುಗೆಮನೆಯಲ್ಲಿ ಸಿಡಿಮದ್ದು ಇಟ್ಟಂತೆ. ಅದೇ ಕಂಪನಿಯ ಅದೇ ಮಾದರಿಯ ವಾಲ್ವನ್ನೇ ಕೇಳಿ ತನ್ನಿ. ಎಲ್ಲ ಜೋಡಿಸಿದ ಮೇಲೆ ಮೊದಲ ಸಲ ಬೇಳೆ ಇಡಬೇಡಿ. ಕೊಳವೆಗೆ ಕಣ್ಣಿಟ್ಟು ಆಚೆಯ ಬೆಳಕು ಕಾಣುತ್ತದೆಯೇ ನೋಡಿ, ಎರಡು ಲೋಟ ಬರೀ ನೀರು ಹಾಕಿ ಒಲೆಗಿಡಿ; ಅಂಚೆಲ್ಲ ಒಣಗಿದ್ದು, ವೆಯ್ಟಿನ ಬುಡದಿಂದ ಮಾತ್ರ ಹಬೆ ಎದ್ದರೆ ರಾತ್ರಿಯ ಸಾರಿಗೆ ಹುರುಳಿ ನೆನೆಹಾಕಬಹುದು.